ಹಿತ್ತಲಿನ ಸಸಿಗಳಿಗೂ ಅಪ್ಪಣೆ ಬೇಕೆ?

ಮನೆಯಂಗಳದಲ್ಲಿ ನಾಲ್ಕು ಗಿಡ ಬೆಳೆಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅದೇ ಗಿಡಗಳನ್ನು ಸಾಲುಸಾಲಾಗಿ ತೊಟ್ಟೆಗಳಲ್ಲಿ ಬೆಳೆಸಿ, ಗೇಟಿಗೊಂದು ಫಲಕ ತೂಗಿಸಿ, ಹಣ ಪಡೆದು ಕೊಡತೊಡಗಿದೆವೆಂದರೆ, ಅಂದಿನಿಂದ ಆ ಹಿತ್ತಲು ಕಾನೂನಿನ ಕಣ್ಣಿಗೆ ಬೇರೆಯೇ ಆಗಿ ಕಾಣುತ್ತದೆ. ನಗರಗಳಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳಲ್ಲಿ, ಅದರಲ್ಲೂ ನಿವೃತ್ತರಾದವರಲ್ಲಿ ಮತ್ತು ಮನೆಯಲ್ಲಿದ್ದುಕೊಂಡೇ ಒಂದು ಕಾಯಕ ಮಾಡಬೇಕೆಂಬ ಗೃಹಿಣಿಯರಲ್ಲಿ, ಸಣ್ಣ ನರ್ಸರಿಯ ಆಸೆ ಮೂಡುವುದುಂಟು. ಆದುದರಿಂದ ಈ ವಿಷಯವನ್ನು ತುಸು ವಿವರವಾಗಿ ನೋಡುವುದು ಉಚಿತ.

ಮಂಗಳೂರಿನ ಕಂಕನಾಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1880ರಲ್ಲಿ ಆರಂಭವಾದ ಫಾದರ್ ಮುಲ್ಲರ್ ಆಸ್ಪತ್ರೆ, ಮಾರುಕಟ್ಟೆ, ಬಸ್ಸುಗಳ ಓಡಾಟ ಇವೆಲ್ಲ ಮುಖ್ಯ ರಸ್ತೆಯ ಗದ್ದಲ. ಒಳರಸ್ತೆಗಳಿಗೆ ತಿರುಗಿದರೆ ಕೆಂಪುಕಲ್ಲಿನ ಕಂಪೌಂಡು, ಹಂಚಿನ ಮನೆ, ಬಾವಿ, ನಾಲ್ಕಾರು ತೆಂಗು ಇನ್ನೂ ಅಲ್ಲಲ್ಲಿ ಉಳಿದಿವೆ. ಇವುಗಳ ನಡುವೆ ಎದ್ದಿರುವ ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವವರಿಗೆ ನೆಲವಿಲ್ಲ; ಬಾಲ್ಕನಿಯಲ್ಲಿಡಲು ಒಂದು ತುಳಸಿ, ಒಂದು ದಾಸವಾಳ, ಕರಿಬೇವಿನ ಗಿಡವೊಂದು ಅವರಿಗೂ ಬೇಕು. ನಿತ್ಯ ಲಿಂಗಪೂಜೆಗೆ ಪತ್ರೆ ಹುಡುಕುವ ಮನೆಗಳಿಗೆ ಬಿಲ್ವದ ಸಸಿ ಬೇಕು. ನೆಲವುಳ್ಳವರು ಬೆಳೆಸಿ ನೆಲವಿಲ್ಲದವರಿಗೆ ಕೊಡುವ ಈ ವ್ಯವಹಾರ ಎಷ್ಟು ಸಹಜವೋ, ಅದಕ್ಕೆ ಅನುಮತಿ ಪಡೆಯುವ ಹಾದಿ ಅಷ್ಟೇ ಸುತ್ತಿನದು.

ಇಲ್ಲಿ ಹದಿನೈದು ಸೆಂಟ್ಸ್ ಜಾಗದಲ್ಲಿ ಮನೆ ಮಾಡಿಕೊಂಡಿರುವ ದಂಪತಿ ಇದ್ದಾರೆಂದು ಭಾವಿಸೋಣ. ಸೆಂಟ್ಸೊಂದಕ್ಕೆ 435.6 ಚದರಡಿಯಂತೆ ಅದು ಸುಮಾರು ಆರೂವರೆ ಸಾವಿರ ಚದರಡಿ. ಮನೆ, ಬಾವಿ, ದಾರಿ ಕಳೆದು ಹಿತ್ತಲಿನಲ್ಲಿ ಒಂದೆರಡು ಸಾವಿರ ಸಸಿಗಳನ್ನು ಸಾಕಲು ತೊಂದರೆಯಿಲ್ಲ. ಜಾಗ ವಸತಿ ವಲಯದಲ್ಲಿದೆ. ಅವರು ಮೊದಲು ಯಾರನ್ನು ಕೇಳಬೇಕು?

ಊರನ್ನು ವಲಯಗಳಾಗಿ ವಿಂಗಡಿಸುವ ಪದ್ಧತಿ ಅಕಾರಣವಾಗಿ ಬಂದುದಲ್ಲ. 1898ರ ಪ್ಲೇಗು ಬೆಂಗಳೂರನ್ನು ಕಾಡಿದ ಮೇಲೆಯೇ ಮಲ್ಲೇಶ್ವರ, ಬಸವನಗುಡಿಗಳಂತಹ ಅಚ್ಚುಕಟ್ಟಾದ ಬಡಾವಣೆಗಳು ರೂಪುಗೊಂಡವು. ಜನ ಮಲಗುವ ಮನೆಯ ಪಕ್ಕದಲ್ಲಿ ಚರ್ಮ ಹದಮಾಡುವ ಕೆಲಸವಾಗಲಿ ಯಂತ್ರಗಳ ಸದ್ದಾಗಲಿ ಇರಬಾರದೆಂಬ ವಿವೇಕವೇ ಇದರ ಮೂಲ. 1956ರವರೆಗೆ ಮದರಾಸು ಆಡಳಿತದಲ್ಲಿದ್ದ ಮಂಗಳೂರಿಗೆ ಈಗ ಅನ್ವಯಿಸುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರ 14ನೆಯ ಪ್ರಕರಣದಂತೆ, ಯೋಜನೆಯಲ್ಲಿ ಗುರುತಿಸಿದ ಭೂಬಳಕೆಯನ್ನು ಬದಲಿಸಲು ಯೋಜನಾ ಪ್ರಾಧಿಕಾರದ ಲಿಖಿತ ಅನುಮತಿ ಅವಶ್ಯ. ಮಂಗಳೂರಿನಲ್ಲಿ ಆ ಪ್ರಾಧಿಕಾರವೆಂದರೆ ಉರ್ವಸ್ಟೋರಿನಲ್ಲಿ ಕಚೇರಿಯುಳ್ಳ ನಗರಾಭಿವೃದ್ಧಿ ಪ್ರಾಧಿಕಾರ. ಜನರ ಬಾಯಲ್ಲಿ ಮೂಡಾ.

ಹಾಗಾದರೆ ನರ್ಸರಿ ಮಾಡುವುದು ಭೂಬಳಕೆಯ ಬದಲಾವಣೆಯೆ? ಇಡೀ ಪ್ರಶ್ನೆಯ ತಿರುಳು ಇಲ್ಲಿದೆ. ನಮ್ಮ ರಾಜ್ಯದ ವಲಯ ನಿಯಮಾವಳಿಗಳಲ್ಲಿ ವಸತಿ ವಲಯಕ್ಕೆ ಸಲ್ಲುವ ಬಳಕೆಗಳ ಪಟ್ಟಿಯೊಂದಿರುತ್ತದೆ. ಉದಾಹರಣೆಗೆ ಬೆಂಗಳೂರಿನ 1995ರ ಸಮಗ್ರ ಅಭಿವೃದ್ಧಿ ಯೋಜನೆಯ ಪಟ್ಟಿಯಲ್ಲಿ ಉದ್ಯಾನ, ಆಟದ ಬಯಲುಗಳ ಜೊತೆಯಲ್ಲಿಯೇ ವಾಣಿಜ್ಯೇತರ ತೋಟ, ಕೈತೋಟ, ಸಸ್ಯಪಾಲನೆ, ಹಸಿರುಮನೆಗಳ ಹೆಸರು ಬಂದಿತ್ತು. ನರ್ಸರಿಯನ್ನು ಕೈತೋಟದ ನೆಂಟನೆಂದು ಬಗೆದ ಕ್ರಮ ಇದು. ಅಂಗಡಿಗಳ ಸಾಲಿಗೆ ಅದನ್ನು ಸೇರಿಸಿರಲಿಲ್ಲ. ಆದರೆ 'ವಾಣಿಜ್ಯೇತರ' ಎಂಬ ವಿಶೇಷಣ ತೋಟಕ್ಕೆ ಮಾತ್ರ ಅಂಟಿದೆಯೋ, ಮುಂದಿನ ನರ್ಸರಿಗೂ ಹಬ್ಬಿದೆಯೋ? ಹಬ್ಬಿದೆ ಎಂದರೆ ಬೆಳೆಸಲು ಅವಕಾಶವುಂಟು, ಮಾರಲು ಇಲ್ಲ. ಹಬ್ಬಿಲ್ಲವೆಂದರೆ ಎರಡಕ್ಕೂ ಅವಕಾಶವುಂಟು. ಒಂದು ಪದದ ಮೇಲೆ ಒಂದು ಕುಟುಂಬದ ಜೀವನೋಪಾಯ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ. (ನರ್ಸರಿ ಎಂದೊಡನೆ ಮಕ್ಕಳ ಶಾಲೆಯೆಂದು ತಿಳಿಯುವವರೂ ನಮ್ಮಲ್ಲಿ ಕಡಿಮೆಯಿಲ್ಲ, ಅರ್ಜಿಯಲ್ಲಿ 'ಸಸ್ಯಪಾಲನಾ ಕೇಂದ್ರ' ಎಂದೇ ಬರೆಯುವುದು ಲೇಸು.) ಅರ್ಜಿದಾರರು ತಮ್ಮ ನಗರದ ಚಾಲ್ತಿಯಲ್ಲಿರುವ ನಿಯಮಾವಳಿಯ ಪ್ರತಿಯನ್ನು ಪಡೆದು, ಈ ಪಟ್ಟಿಯನ್ನು ಸ್ವತಃ ಓದಿಕೊಳ್ಳಬೇಕು. ಮಧ್ಯವರ್ತಿಯ ಮಾತನ್ನು ನಂಬಿ ಕೂರಬಾರದು.

ಇನ್ನೊಂದು ಕಾನೂನು ಇದೇ ಕೆಲಸವನ್ನು ಹೇಗೆ ಕಾಣುತ್ತದೆ ನೋಡಿ. ನರ್ಸರಿಯಲ್ಲಿ ಬೆಳೆಸಿದ ಸಸಿಗಳಿಂದ ಬರುವ ಆದಾಯವನ್ನು ಕೃಷಿ ಆದಾಯವೆಂದೇ ಪರಿಗಣಿಸತಕ್ಕದ್ದೆಂದು 2008ರ ಹಣಕಾಸು ಕಾಯ್ದೆಯ ಮೂಲಕ ಆದಾಯ ತೆರಿಗೆಯ ಕಾನೂನಿಗೆ ವಿವರಣೆಯೊಂದನ್ನು ಸೇರಿಸಲಾಯಿತು. ತಾವೇ ಬೆಳೆಸಿದ ಗಿಡಗಳಿಗೆ ಈ ಮಾತು ಸಲ್ಲುತ್ತದೆ. ಹೊರಗಿನಿಂದ ಲಾರಿಯಲ್ಲಿ ತರಿಸಿ ಮರುಮಾರಾಟ ಮಾಡುವ ಗಿಡಗಳಿಗಲ್ಲ. ನಮ್ಮ ಅಭಿಪ್ರಾಯದಲ್ಲಿ ಯೋಜನಾ ಪ್ರಾಧಿಕಾರಗಳೂ ಈ ಭೇದವನ್ನೇ ಅನುಸರಿಸುವುದು ನ್ಯಾಯ. ಹಿತ್ತಲಿನಲ್ಲಿ ಕಸಿ ಕಟ್ಟಿ ಸಸಿ ಮಾಡುವವರನ್ನೂ, ಕುಂಡ, ಗೊಬ್ಬರ, ಅಲಂಕಾರದ ಕಲ್ಲುಗಳನ್ನು ಗುಡ್ಡೆಹಾಕಿ ಮಾರುವ ಮಳಿಗೆಯವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಉಡುಪಿಯ ಶಂಕರಪುರದ ಸುತ್ತಿನ ಹಳ್ಳಿಗಳಲ್ಲಿ ಮನೆಯಂಗಳದ ಮಲ್ಲಿಗೆಯೇ ಎಷ್ಟೋ ಸಂಸಾರಗಳನ್ನು ನಡೆಸಿದೆ. ಅಂಗಳವನ್ನು ಅಂಗಡಿಯೆಂದು ಅಲ್ಲಿ ಯಾರೂ ಕರೆದುದಿಲ್ಲ.

ಆದರೆ ನೆರೆಹೊರೆಯವರ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಮಂಗಳೂರಿನಲ್ಲಿ ಅದಕ್ಕೆ ಗಟ್ಟಿಯಾದ ಕಾರಣವೂ ಇದೆ. 1990ರ ದಶಕದಿಂದೀಚೆಗೆ ಈ ನಗರವನ್ನು ಮಲೇರಿಯಾ ಬಿಡದೆ ಕಾಡಿತು. ಹಲವು ವರ್ಷ ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ದಕ್ಷಿಣ ಕನ್ನಡ ಜಿಲ್ಲೆಯದೇ ಆಗಿತ್ತು. 2019ರ ಮಳೆಗಾಲದಲ್ಲಿ ಡೆಂಗೆ ಹಬ್ಬಿದಾಗ, ನೀರು ನಿಲ್ಲಲು ಬಿಟ್ಟವರಿಗೆ ಮಹಾನಗರ ಪಾಲಿಕೆ ದಂಡ ವಿಧಿಸಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಊರಿನಲ್ಲಿ ಕುಂಡದ ಕೆಳಗಿನ ತಟ್ಟೆ, ಮೂಲೆಗೆಸೆದ ತೊಟ್ಟೆ, ಮುಚ್ಚದ ತೊಟ್ಟಿ ಇವೆಲ್ಲ ಸೊಳ್ಳೆಯ ತೊಟ್ಟಿಲುಗಳೇ. ಮಗುವಿಗೆ ಜ್ವರ ಬಂದ ಪಕ್ಕದ ಮನೆಯ ತಾಯಿ ನಿಮ್ಮ ಸಸಿಗಳತ್ತ ಬೆರಳು ತೋರಿಸಿದರೆ ಆಕೆಯನ್ನು ದೂರುವಂತಿಲ್ಲ. ಗೊಬ್ಬರದ ವಾಸನೆ, ಔಷಧಿ ಸಿಂಪಡಿಸಿದಾಗಿನ ಘಾಟು, ಕಿರಿದಾದ ಒಳರಸ್ತೆಯಲ್ಲಿ ಅಡ್ಡ ನಿಲ್ಲುವ ಗಿರಾಕಿಗಳ ಕಾರು ಕೂಡ ಜಗಳಕ್ಕೆ ಸಾಕು. ಆಸ್ಪತ್ರೆಗೆ ಸಮೀಪದ ರಸ್ತೆಗಳಲ್ಲಿ ಈ ಕೊನೆಯದು ಬರೀ ಕಿರಿಕಿರಿಯಷ್ಟೇ ಅಲ್ಲ.

ಆದಕಾರಣ ಅರ್ಜಿ ಬರೆಯುವಾಗಲೇ ಈ ಆಕ್ಷೇಪಗಳಿಗೆ ಉತ್ತರ ಅದರಲ್ಲಿರಬೇಕು. ಹೊಸ ಕಟ್ಟಡ ಕಟ್ಟುವುದಿಲ್ಲ, ನೆರಳು ಪರದೆ ಮಾತ್ರ ಹಾಕುತ್ತೇವೆ. ನೀರು ಸ್ವಂತ ಬಾವಿಯದು. ತಟ್ಟೆಗಳನ್ನು ಬಳಸುವುದಿಲ್ಲ, ತೊಟ್ಟಿಗಳಿಗೆ ಬಲೆ ಕಟ್ಟುತ್ತೇವೆ. ಗಿರಾಕಿಗಳ ವಾಹನ ಕಂಪೌಂಡಿನೊಳಗೆ ನಿಲ್ಲುತ್ತದೆ. ಸಂಜೆ ಇಂತಿಷ್ಟು ಹೊತ್ತಿನ ಮೇಲೆ ಮಾರಾಟವಿಲ್ಲ. ಇಂತಹ ಕರಾರುಗಳನ್ನು ತಾವಾಗಿಯೇ ಬರೆದುಕೊಟ್ಟು, ಕೈಬರಹದ ನಕ್ಷೆಯೊಂದನ್ನು ಲಗತ್ತಿಸಿ, ಎಡಬಲದ ಮನೆಯವರ ಒಪ್ಪಿಗೆಯ ಸಹಿ ಪಡೆದ ಅರ್ಜಿಯನ್ನು ನಿರಾಕರಿಸುವುದು ಅಧಿಕಾರಿಗೂ ಸುಲಭವಲ್ಲ. ನೆರೆಯವರ ಸಹಿಯನ್ನು ಕಾನೂನು ಕೇಳದಿರಬಹುದು. ಕಚೇರಿಯಲ್ಲಿ ಅದಕ್ಕಿರುವ ತೂಕ ಬೇರೆ.

ಪ್ರಾಧಿಕಾರವು ಇದನ್ನು ವಾಣಿಜ್ಯ ಬಳಕೆಯೆಂದೇ ತೀರ್ಮಾನಿಸಿದರೆ ಉಳಿಯುವ ದಾರಿ ಕಾಯ್ದೆಯ 14-ಎ ಪ್ರಕರಣದ ಭೂಬಳಕೆ ಬದಲಾವಣೆ. ಅದಕ್ಕೆ ದಿನಪತ್ರಿಕೆಯಲ್ಲಿ ಪ್ರಕಟಣೆ ಹೊರಡಿಸಿ ಸಾರ್ವಜನಿಕರ ಆಕ್ಷೇಪಗಳನ್ನು ಕರೆಯಬೇಕಾಗುತ್ತದೆ. ಖರ್ಚಿನ ಬಾಬತ್ತೂ ಹೌದು. ಹಿತ್ತಲಿನ ನರ್ಸರಿಗಾಗಿ ಮನೆಯ ನಿವೇಶನವನ್ನೇ ವಾಣಿಜ್ಯವಾಗಿಸುವುದನ್ನು ನಾವಂತೂ ಸಲಹೆ ಮಾಡಲಾರೆವು. ಅದರ ಬದಲು ಬೆಳೆಸುವ ಕೆಲಸ ಮನೆಯಲ್ಲಿ, ಮಾರಾಟ ಬೇರೆಡೆ ಎಂದು ವಿಂಗಡಿಸಿಕೊಳ್ಳಬಹುದು. ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ಕದ್ರಿ ಉದ್ಯಾನದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದಂತಹ ಸಂದರ್ಭಗಳಲ್ಲಿ ಸಸಿಗಳಿಗೆ ಬೇಡಿಕೆ ಇದ್ದೇ ಇರುತ್ತದೆ.

ಮಾರಾಟ ಮನೆಯಲ್ಲಿಯೇ ಎಂದಾದರೆ ಲಾಲ್‌ಬಾಗಿನಲ್ಲಿರುವ ಮಹಾನಗರ ಪಾಲಿಕೆಯಲ್ಲಿ ಉದ್ದಿಮೆ ಪರವಾನಗಿಯ ವಿಚಾರವನ್ನೂ ಕೇಳಿ ತಿಳಿಯಬೇಕು. ಇದು ಸಕಾಲ ಯೋಜನೆಯ ವ್ಯಾಪ್ತಿಗೆ ಬರುವ ಸೇವೆ. ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಬಾಯಿಮಾತಿನ "ಮಾಡಿಕೊಳ್ಳಿ, ಏನೂ ಆಗುವುದಿಲ್ಲ" ಎಂಬ ಭರವಸೆ ಅಧಿಕಾರಿ ವರ್ಗವಾದ ದಿನವೇ ಮುಗಿಯುತ್ತದೆ. ಉತ್ತರವೇ ಬಾರದಿದ್ದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಕಡತದ ಸ್ಥಿತಿಯನ್ನು ಕೇಳಬಹುದು.

ಕಾಗದಪತ್ರಗಳು ಓಡಾಡುವ ತಿಂಗಳುಗಳನ್ನು ವ್ಯರ್ಥ ಮಾಡಬೇಕಿಲ್ಲ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವಿರುವುದು ಕಂಕನಾಡಿಯಲ್ಲಿಯೇ, ಮೀನುಗಾರಿಕಾ ಕಾಲೇಜಿನ ಬಳಿ. ನೇತ್ರಾವತಿಯಾಚೆ ಉಳ್ಳಾಲದಲ್ಲಿ ಗೇರು ತಳಿಗಳನ್ನು ರೂಪಿಸಿದ ಸಂಶೋಧನಾ ಕೇಂದ್ರವಿದೆ, ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಿದೆ. ಕಸಿ ಕಟ್ಟುವ ಕೈಚಳಕ ಕಲಿಯಲು ಇಷ್ಟು ಹತ್ತಿರದಲ್ಲಿ ಇಷ್ಟು ಅನುಕೂಲವಿರುವ ಊರು ಅಪರೂಪ. ಕರಾವಳಿಯಲ್ಲಿ ಸಸಿಗಳಿಗೆ ಬೇಡಿಕೆ ಬರುವುದು ಮೊದಲ ಮಳೆ ಬಿದ್ದೊಡನೆ, ಜೂನ್ ತಿಂಗಳಲ್ಲಿ. ಆ ಹೊತ್ತಿಗೆ ಪರವಾನಗಿ ಕೈಯಲ್ಲಿರಬೇಕೆಂದರೆ ದೀಪಾವಳಿ ಮುಗಿದೊಡನೆ ಅರ್ಜಿಯನ್ನು ಉರ್ವಸ್ಟೋರಿಗೆ ಒಯ್ಯುವುದು ಒಳ್ಳೆಯದು.