ನಿಮಗಿದು ಗೊತ್ತೇ? ಮೊಡವೆ ಎದ್ದರೆ ಒಳ್ಳೆಯ ಸೂಚನೆ!

ಪಶ್ಚಿಮ ಘಟ್ಟದ ಕಾಡಿನಲ್ಲಿ ಒಂದು ಮರವಿದೆ. ಹೂ ಬಿಟ್ಟರೆ ಸಾಕು, ಗಬ್ಬು ನಾತ! ಅದಕ್ಕೇ ಜನ ದುರ್ವಾಸನೆ ಮರ ಅಂತಲೇ ಕರೆಯುತ್ತಾರೆ. ಆದರೆ ಅದರೊಳಗಿರುವ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವಿನಿಂದಲೇ ಇರಿನೊಟೆಕಾನ್ ಎಂಬ ಔಷಧಿ ತಯಾರಾಗುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಕೊಡುವ ಡ್ರಿಪ್‌ಗಳಲ್ಲಿ ಅದೂ ಒಂದು. ಹಾಗಂತ ತೊಗಟೆ ಕೆತ್ತಿ ತಂದು ಕಷಾಯ ಕಾಸಬೇಡಿ ಮಾರಾಯ್ರೆ, ಅದು ವಿಷ!

ಈ ಕ್ಯಾಂಪ್ಟೊಥೆಸಿನ್ ಮೊದಲು ಸಿಕ್ಕಿದ್ದು ಚೀನಾದ ಒಂದು ಮರದಲ್ಲಿ, 1966ರಲ್ಲಿ. ಕಂಡುಹಿಡಿದವರು ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ. ಈ ವಾನಿ ನಮ್ಮ ಪಕ್ಕದ ಮಹಾರಾಷ್ಟ್ರದ ನಂದೂರಬಾರಿನವರು!

ಇಂಥ ಡ್ರಿಪ್ ಬೇಗ ಬೇಗ ಬೆಳೆಯುವ ಜೀವಕೋಶಕ್ಕೆಲ್ಲ ಹೊಡೆಯುತ್ತದೆ. ಗುರಿ ಔಷಧಿ ಹಾಗಲ್ಲ, ಕ್ಯಾನ್ಸರಿನಲ್ಲಿ ಕೆಟ್ಟಿರುವ ಜೀನನ್ನೋ ಪ್ರೋಟೀನನ್ನೋ ಹುಡುಕಿ ಹಿಡಿಯುತ್ತದೆ. ಮೇದೋಜೀರಕ ಕ್ಯಾನ್ಸರಿನ ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿಗೆ ಕೆಟ್ಟಿರುವುದು ಒಂದೇ ಜೀನು, ಕೆಆರ್‌ಎಎಸ್. ಈ ಜೀನು ಕ್ಯಾನ್ಸರ್ ತರುವ ಶತ್ರುವೆಂದು 1982ರಲ್ಲೇ ಗೊತ್ತಿತ್ತು. ಹಿಡಿಯುವ ಮೊದಲ ಮಾತ್ರೆ ಸೊಟೊರಾಸಿಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ, ಅದೂ ಶ್ವಾಸಕೋಶದ ಕ್ಯಾನ್ಸರಿಗೆ! ಅದು ಹಿಡಿಯುವ ಬಗೆಯ ದೋಷ ಮೇದೋಜೀರಕದಲ್ಲಿ ನೂರಕ್ಕೆ ಒಬ್ಬರಿಗೋ ಇಬ್ಬರಿಗೋ ಅಷ್ಟೆ.

ಇದು ಕೇಳಿ. 2005ರಲ್ಲಿ ಎರ್ಲೊಟಿನಿಬ್ ಎಂಬ ಗುರಿ ಮಾತ್ರೆಗೆ ಮೇದೋಜೀರಕದ ಕ್ಯಾನ್ಸರಿಗೆಂದೇ ಒಪ್ಪಿಗೆ ಸಿಕ್ಕಿತು. ಹಳೆಯ ಔಷಧಿಯ ಜತೆ ಇದನ್ನೂ ಕೊಟ್ಟಾಗ ಆಯುಷ್ಯ ಹೆಚ್ಚಿದ್ದೆಷ್ಟು? ಸರಾಸರಿ ಎರಡು ವಾರವೂ ಇಲ್ಲ!

ಆದರೆ ಅದರಲ್ಲೊಂದು ವಿಚಿತ್ರ. ಮಾತ್ರೆ ನುಂಗಿದವರ ಮುಖ, ಎದೆಯ ಮೇಲೆ ಮೊಡವೆಯಂಥ ಗುಳ್ಳೆ ಏಳುತ್ತವೆ. ಗುಳ್ಳೆ ಚೆನ್ನಾಗಿ ಎದ್ದವರೇ ಸರಾಸರಿ ಹೆಚ್ಚು ದಿನ ಬದುಕಿದ್ದರು! ಮುಖ ಕೆಟ್ಟಿತೆಂದು ಕೊರಗುವ ರೋಗಿಗೆ ಡಾಕ್ಟರು ಸಮಾಧಾನ ಹೇಳುವುದು ಇದೇ ಕಾರಣಕ್ಕೆ.

ಬೀಡಿ ಸೇದುತ್ತೀರಾ? ಸೇದುವವರ ದೇಹ ಎರ್ಲೊಟಿನಿಬನ್ನು ಬೇಗ ಬೇಗ ಕರಗಿಸಿಬಿಡುತ್ತದೆ, ಅರ್ಧದಷ್ಟೂ ರಕ್ತದಲ್ಲಿ ಉಳಿಯುವುದಿಲ್ಲ. ನಾವು ದಿನಾ ಬೆಳಿಗ್ಗೆ ನುಂಗುವ ಗ್ಯಾಸ್ ಮಾತ್ರೆ ಒಮೆಪ್ರಜೋಲ್ ಕೂಡ ಅದರ ಬಲ ಮುರಿಯುತ್ತದೆ!

ಸ್ತನ ಕ್ಯಾನ್ಸರಿನ ಜೀನೆಂದೇ ಹೆಸರಾದ ಬಿಆರ್‌ಸಿಎ ಗಂಡಸರ ಮೇದೋಜೀರಕವನ್ನೂ ಕಾಡುತ್ತದೆ. ಆ ಜೀನು ಕೆಟ್ಟಿರುವ ಮೇದೋಜೀರಕದ ರೋಗಿಗಳಿಗೆ 2019ರಲ್ಲಿ ಒಲಾಪರಿಬ್ ಮಾತ್ರೆ ಬಂತು. ರೋಗ ಮತ್ತೆ ಹೆಚ್ಚಾಗದಂತೆ 3.8 ತಿಂಗಳ ಬದಲು 7.4 ತಿಂಗಳು ತಡೆದು ನಿಲ್ಲಿಸಿತು. ಒಟ್ಟು ಆಯುಷ್ಯ ಮಾತ್ರ ಹೆಚ್ಚಿದ್ದು ಕಾಣಲಿಲ್ಲ. ಇಷ್ಟನ್ನೂ ಮನೆಯವರಿಗೆ ಬಿಡಿಸಿ ಹೇಳುವ ಡಾಕ್ಟರೇ ಒಳ್ಳೆಯ ಡಾಕ್ಟರು ಅನ್ನುತ್ತೇನೆ ನಾನು.

ಒಲಾಪರಿಬ್‌ನಿಂದ ರಕ್ತ ಕಡಿಮೆಯಾಗುತ್ತದೆ, ಹೊಟ್ಟೆ ತೊಳಸುತ್ತದೆ. ತೀರಾ ಅಪರೂಪಕ್ಕೆ ರಕ್ತದ ಕ್ಯಾನ್ಸರೇ ಬರುವುದುಂಟು. ಕ್ಯಾನ್ಸರ್ ಮಾತ್ರೆಯಿಂದ ಕ್ಯಾನ್ಸರು!

ಹಿತ್ತಿಲ ಚಕ್ಕೋತಕ್ಕೂ ಈ ಮಾತ್ರೆಗೂ ಆಗಿಬರುವುದಿಲ್ಲ. ಅದರ ವಂಶದ್ದೇ ಆದ ಗ್ರೇಪ್‌ಫ್ರೂಟ್ ತಿಂದರೆ ಒಲಾಪರಿಬ್ ದೇಹದಲ್ಲೇ ಉಳಿದು ವಿಪರೀತವಾಗುತ್ತದೆ. ಚಕ್ಕೋತದಲ್ಲೂ ಅಂಥದೇ ವಸ್ತುಗಳಿವೆ. ಔಷಧಿ ಮುಗಿಯುವವರೆಗೆ ಅದು ಮೊಮ್ಮಕ್ಕಳಿಗಿರಲಿ!

ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್‌ಗೆ ಬಂದದ್ದು ಇದೇ ಗ್ರಂಥಿಯ ಬೇರೆ ಜಾತಿಯ, ನಿಧಾನಗತಿಯ ಗೆಡ್ಡೆ. ಅದಕ್ಕೆ ಕೊಡುವ ಮಾತ್ರೆ ಎವರೊಲಿಮಸ್‌ನ ಮೂಲ ಎಲ್ಲಿ ಗೊತ್ತೇ? ಶಾಂತಸಾಗರದ ನಡುವಿನ ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾ! ಈ ಮಾತ್ರೆ ಬಾಯಿಹುಣ್ಣು ತರುತ್ತದೆ, ಸಕ್ಕರೆ ಏರಿಸುತ್ತದೆ. ಇನ್ನೊಂದು ಮಾತ್ರೆ ಸುನಿಟಿನಿಬ್ ಚರ್ಮವನ್ನೇ ಹಳದಿ ಮಾಡುತ್ತದೆ. ಕಾಮಾಲೆಯಲ್ಲ, ಮಾತ್ರೆಯದೇ ಬಣ್ಣ! ಆದರೂ ಡಾಕ್ಟರಿಗೆ ತೋರಿಸಿಯೇ ನಿಶ್ಚಯಿಸಿಕೊಳ್ಳಿ, ಈ ಕಾಯಿಲೆಯಲ್ಲಿ ನಿಜವಾದ ಕಾಮಾಲೆಯೂ ಬರುತ್ತದೆ.

ಯಾವ ಗುರಿ ಎಂದು ತಿಳಿಯಲು ಜೀನ್ ಪರೀಕ್ಷೆ ಬೇಕು. ಅದಕ್ಕೆ ರೋಗಿ ದೂರದ ಊರಿಗೆ ಹೋಗಲೇಬೇಕೆಂದಿಲ್ಲ! ಬಯಾಪ್ಸಿಯ ಚೂರನ್ನು ಮೇಣದ ಬಿಲ್ಲೆಯಲ್ಲಿ ಹುದುಗಿಸಿಟ್ಟಿರುತ್ತಾರೆ. ವರ್ಷಗಟ್ಟಲೆ ಕೆಡದ ಆ ಬಿಲ್ಲೆಯನ್ನೇ ಕಳಿಸಿದರಾಯಿತು. ವಂಶದಿಂದ ಬಂದ ದೋಷ ಇದೆಯೇ ಎಂದು ನೋಡಲು ಮಾತ್ರ ರೋಗಿಯ, ಮನೆಯವರ ಸ್ವಲ್ಪ ರಕ್ತ ಬೇಕು.

ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಉತ್ತರ ಕನ್ನಡದ ತುಂಬ ಕೂಗೆದ್ದದ್ದು ನೆನಪಿದೆಯಲ್ಲ? ದೊಡ್ಡ ಆಸ್ಪತ್ರೆಯಿರುವ ಮಣಿಪಾಲಕ್ಕೆ ಭಟ್ಕಳದಿಂದಲೇ ಸುಮಾರು 90 ಕಿ.ಮೀ., ಕುಮಟಾದಿಂದ ಸುಮಾರು 150. ಆಸ್ಪತ್ರೆ ಅಷ್ಟು ದೂರ, ಆದರೆ ಗುರಿ ಮಾತ್ರೆ ನುಂಗುವುದು ಮನೆಯಲ್ಲಿ, ಹಾಗಾಗಿ ತೊಂದರೆ ಶುರುವಾಗುವುದೂ ಮನೆಯಲ್ಲೇ. ಎರ್ಲೊಟಿನಿಬ್, ಒಲಾಪರಿಬ್ ಅಪರೂಪಕ್ಕೆ, ಎವರೊಲಿಮಸ್ ಅವಕ್ಕಿಂತ ಹೆಚ್ಚಾಗಿ ಶ್ವಾಸಕೋಶಕ್ಕೆ ಉರಿಯೂತ ತರುತ್ತವೆ. ಡಾಕ್ಟರ ನಂಬರನ್ನು ಕ್ಯಾಲೆಂಡರಿನ ಮೇಲೇ ಬರೆದಿಡಿ. ಜ್ವರ, ಒಣಕೆಮ್ಮು, ಏದುಸಿರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಫೋನ್ ಮಾಡಿ!