ನೂರೆಂಟು ಪ್ರದಕ್ಷಿಣೆ ಮುಗಿದ ಮೇಲೆ



ಚಿಲಕೂರು ಬಾಲಾಜಿಯ ಗುಡಿಗೆ ನೀವು ಹೋಗಿರುತ್ತೀರಿ. ಹೋಗದಿದ್ದರೂ ನಿಮ್ಮ ಪಕ್ಕದ ಮನೆಯವರು ಹೋಗಿರುತ್ತಾರೆ. ಬೇಡಿಕೊಳ್ಳುವಾಗ 11 ಪ್ರದಕ್ಷಿಣೆ, ಬೇಡಿದ್ದು ಕೈಗೂಡಿದ ಮೇಲೆ 108. ಚೀಟಿ ಹಿಡಿದು, ಸುತ್ತಿಗೊಂದು ಗುರುತು ಹಾಕುತ್ತ, ಬರಿಗಾಲಲ್ಲಿ ಸರಸರನೆ ನಡೆಯುವ ಹುಡುಗ ಹುಡುಗಿಯರನ್ನು ಕಂಡರೆ ಅವರ ಪಾಸ್‌ಪೋರ್ಟಿಗೆ ಮುದ್ರೆ ಬಿದ್ದಿದೆ ಎಂದು ಊಹಿಸಬಹುದು. ಜನ ಸುಮ್ಮನೆ ಆ ದೇವರನ್ನು ವೀಸಾ ಬಾಲಾಜಿ ಎಂದು ಕರೆಯುವುದಿಲ್ಲ.

ವಿಮಾನ ಹತ್ತುವ ತನಕ ನಮ್ಮ ಊರಿನಲ್ಲಿ ಎಲ್ಲದಕ್ಕೂ ತರಬೇತಿ ಇದೆ. ಅಮೀರ್‌ಪೇಟೆಯಲ್ಲಿ ಜಿಆರ್‌ಇ ಕಲಿಸುತ್ತಾರೆ, ಜಾವಾ ಕಲಿಸುತ್ತಾರೆ, ವೀಸಾ ಸಂದರ್ಶನದಲ್ಲಿ ಕೈ ಎಲ್ಲಿಡಬೇಕು ಎಂಬುದನ್ನೂ ಕಲಿಸುತ್ತಾರೆ. ಆದರೆ ಅಲ್ಲಿ ಇಳಿದ ಮೇಲೆ ಪಾಠ ಅರ್ಥವಾಗದಿದ್ದರೆ ಯಾರನ್ನು ಹೇಗೆ ಕೇಳಬೇಕು ಎಂದು ಕಲಿಸುವ ಬೋರ್ಡು ಮೈತ್ರಿವನಂ ಸುತ್ತಮುತ್ತ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಹೋಗುವವರೇನು ಬೆರಳೆಣಿಕೆಯವರೇ? ಅಮೆರಿಕದ ಓಪನ್ ಡೋರ್ಸ್ ವರದಿಯ ಪ್ರಕಾರ 2023-24ರ ಸಾಲಿನಲ್ಲಿ ಆ ಒಂದೇ ದೇಶದಲ್ಲಿ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು. 2009ರ ನಂತರ ಮೊದಲ ಬಾರಿಗೆ ನಾವು ಚೀನಾವನ್ನು ಹಿಂದಿಕ್ಕಿದ್ದೆವು. ಜರ್ಮನಿಯಲ್ಲೂ ಅದೇ ಹೊತ್ತಿಗೆ ಸುಮಾರು 49,000 ಮಂದಿ ನಮ್ಮವರಿದ್ದರು.

ನನ್ನ ಅಕ್ಕನ ಮಗನ ಕಥೆ ಹೇಳುತ್ತೇನೆ. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಹುಟ್ಟಿದ್ದು ಕಲಬುರಗಿ, ಬೆಳೆದದ್ದು ಇಲ್ಲೇ ಹೈದರಾಬಾದಿನಲ್ಲಿ. ಎಂಎಸ್ ಮಾಡಲು ಅಮೆರಿಕಕ್ಕೆ ಹೋದ. ಮೊದಲ ತಿಂಗಳೇ ಒಂದು ವಿಷಯ ತಲೆಗೆ ಹತ್ತಲಿಲ್ಲ. ಪ್ರೊಫೆಸರರು 'ಅರ್ಥವಾಯಿತೇ?' ಎಂದಾಗ ಎಲ್ಲರ ಜೊತೆ ತಾನೂ ತಲೆಯಾಡಿಸಿದ. ವಾರಕ್ಕೆ ಎರಡು ದಿನ ಅವರ ಕೋಣೆಯ ಬಾಗಿಲು ವಿದ್ಯಾರ್ಥಿಗಳಿಗಾಗಿಯೇ ತೆರೆದಿರುತ್ತದೆ, ಯಾರು ಬೇಕಾದರೂ ಹೋಗಿ ಕೇಳಬಹುದು. ಅದಕ್ಕೆ ಆಫೀಸ್ ಅವರ್ಸ್ ಎಂದು ಹೆಸರು. ಪಾಠಪಟ್ಟಿಯ ಮೊದಲ ಪುಟದಲ್ಲೇ ಆ ವೇಳೆ ಬರೆದಿತ್ತು. ನಮ್ಮ ಹುಡುಗ ಅದನ್ನು ಓದಿ, ಆ ಹೊತ್ತಿನಲ್ಲಿ ಸರ್ ಆಫೀಸ್ ಕೆಲಸದಲ್ಲಿರುತ್ತಾರೆ, ಹೋಗಿ ತೊಂದರೆ ಕೊಡಬಾರದು ಎಂದುಕೊಂಡ!

ಕಡೆಗೆ ಒಂದು ಪುಸ್ತಕದಿಂದ ಎರಡು ಪ್ಯಾರಾ ಹಾಗೇ ಎತ್ತಿ ಬರೆದು ಅಸೈನ್‌ಮೆಂಟ್ ಕೊಟ್ಟ. ಇಲ್ಲಿ ನಾಲ್ಕು ವರ್ಷ ಅದೇ ರೂಢಿಯಾಗಿತ್ತು, ಪುಸ್ತಕದಲ್ಲಿದ್ದಂತೆ ಬರೆದವನೇ ಜಾಣ. ಅಲ್ಲಿ ಅದಕ್ಕೆ ಕೃತಿಚೌರ್ಯ ಎನ್ನುತ್ತಾರೆ. ಸೊನ್ನೆ ಬಂತು, ಜೊತೆಗೆ ಸಮಿತಿಯ ಮುಂದೆ ಬಂದು ಉತ್ತರ ಹೇಳು ಎಂಬ ಪತ್ರವೂ ಬಂತು. ಭಾನುವಾರ ಭಾನುವಾರ ಅಕ್ಕ ಫೋನಿನಲ್ಲಿ ಕೇಳಿದಾಗಲೆಲ್ಲ 'ಆರಾಮ ಇದ್ದೀನಮ್ಮ' ಎನ್ನುತ್ತಿದ್ದ. ಮನೆಯವರಿಗೆ ಗೊತ್ತಾದದ್ದು ಡಿಸೆಂಬರಿನಲ್ಲಿ. ಭಾವ ಮನೆಯ ಪತ್ರ ಅಡವಿಟ್ಟು ಸಾಲ ತೆಗೆದಿದ್ದರು.

ಈ ಹುಡುಗನಿಗೆ ಇಂಗ್ಲಿಷ್ ಬರುತ್ತಿತ್ತು, ಬುದ್ಧಿಯೂ ಇತ್ತು. ಗೊತ್ತಿಲ್ಲದ್ದು ಒಂದೇ: ಇಲ್ಲಿ ವಿನಯ ಎನಿಸಿಕೊಳ್ಳುವ ಮೌನ ಅಲ್ಲಿ 'ಇವನಿಗೆ ಆಸಕ್ತಿ ಇಲ್ಲ' ಎಂದು ಓದಿಸಿಕೊಳ್ಳುತ್ತದೆ. ಅಂತರಸಾಂಸ್ಕೃತಿಕ ಕಲಿಕೆ ಎಂಬ ಭಾರದ ಹೆಸರಿನ ಒಳಗಿರುವ ತಿರುಳು ಇಂಥದ್ದೇ. ಮತ್ತು ಇದನ್ನು ಹೊರಡುವ ಮುಂಚೆ, ಮನೆಯ ಕಂಪ್ಯೂಟರಿನ ಮುಂದೆ ಕುಳಿತೇ ಬಹಳಷ್ಟು ಕಲಿಯಬಹುದು.

ಹೇಗೆ ಎಂದಿರಾ? 1997ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫ್ರೆಂಚ್ ಕಲಿಸುತ್ತಿದ್ದ ಜಿಲ್ಬರ್ಟ್ ಫರ್ಸ್ಟೆನ್‌ಬರ್ಗ್ ಮತ್ತು ಅವರ ಸಹೋದ್ಯೋಗಿಗಳು 'ಕುಲ್ತುರಾ' ಎಂಬ ಪ್ರಯೋಗ ಶುರುಮಾಡಿದರು. ಉಪಾಯ ಬಲು ಸರಳ. ಅಮೆರಿಕದ ಒಂದು ತರಗತಿ, ಫ್ರಾನ್ಸಿನ ಒಂದು ತರಗತಿ. ಎರಡಕ್ಕೂ ಒಂದೇ ಪ್ರಶ್ನಾವಳಿ: ಈ ಪದ ಕೇಳಿದರೆ ನಿಮಗೆ ಏನೇನು ನೆನಪಾಗುತ್ತದೆ? ಈ ವಾಕ್ಯವನ್ನು ಹೇಗೆ ಮುಗಿಸುತ್ತೀರಿ? ಇಂಥ ಸಂದರ್ಭದಲ್ಲಿ ಏನು ಮಾಡುತ್ತೀರಿ? ಎಲ್ಲರೂ ತಮ್ಮ ತಮ್ಮ ಭಾಷೆಯಲ್ಲೇ ಉತ್ತರಿಸಬೇಕು. ಉತ್ತರಗಳನ್ನು ಅಂತರ್ಜಾಲದಲ್ಲಿ ಅಕ್ಕಪಕ್ಕ ಇಟ್ಟು, ಎರಡೂ ಕಡೆಯವರು ನೋಡಿ, ಪರಸ್ಪರ ಬರೆದು ಚರ್ಚೆ ಮಾಡಬೇಕು. ವ್ಯಕ್ತಿವಾದ ಎಂಬ ಅರ್ಥದ ಪದ ಎರಡೂ ಭಾಷೆಗಳಲ್ಲಿ ಹೆಚ್ಚುಕಡಿಮೆ ಒಂದೇ. ಆದರೆ ಅಮೆರಿಕದ ಹುಡುಗರು ಅದಕ್ಕೆ ಸ್ವಾತಂತ್ರ್ಯ, ಸ್ವಂತಿಕೆ ಎಂಬ ಧಾಟಿಯಲ್ಲಿ ಬರೆದರೆ ಫ್ರಾನ್ಸಿನವರು ಸ್ವಾರ್ಥ ಎಂದು ಬರೆದರು. ನಿಘಂಟು ನೋಡಿ ಇದನ್ನು ತಿಳಿಯಲು ಸಾಧ್ಯವೇ?

ಇಲ್ಲಿ ಎರಡು ಸಂಗತಿ ಗಮನಿಸಿ. ಒಂದು, ಚರ್ಚೆ ಬರವಣಿಗೆಯಲ್ಲಿ ನಡೆಯುತ್ತದೆ. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ ರಾತ್ರಿ ಊಟವಾದ ಮೇಲೆ ಯೋಚಿಸಿ ನಾಲ್ಕು ಸಾಲು ಬರೆಯಬಲ್ಲಳು. ಮುಖಾಮುಖಿ ಭೇಟಿಗಿಂತ ಇಂಟರ್‌ನೆಟ್ ಮೇಲು ಎನಿಸುವ ಜಾಗ ಇದೇ. ಇನ್ನೊಂದು, ಎದುರಿನವರ ವಿಷಯ ತಿಳಿಯುವುದಕ್ಕಿಂತ ಮೊದಲು ವಿದ್ಯಾರ್ಥಿ ತನ್ನ ಮನೆಯನ್ನೇ ಹೊರಗಿನಿಂದ ನೋಡುತ್ತಾನೆ. 2006ರಲ್ಲಿ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ ಇದೇ ಬಗೆಯ ಕಲಿಕೆಗಾಗಿ ಒಂದು ಕೇಂದ್ರ ತೆರೆಯಿತು. ಎರಡು ದೇಶಗಳ ಇಬ್ಬರು ಅಧ್ಯಾಪಕರು ಸೇರಿ ಒಂದು ಪಾಠ ರೂಪಿಸುವುದು, ಎರಡೂ ಕಡೆಯ ವಿದ್ಯಾರ್ಥಿಗಳು ಬೆರೆತು ಒಂದು ಕೆಲಸ ಮಾಡಿ ಮುಗಿಸುವುದು ಅದರ ಕ್ರಮ. 2020ರಲ್ಲಿ ಕೊರೊನಾ ಬಂದು ವಿಮಾನಗಳು ನಿಂತಾಗ ಹಲವು ವಿಶ್ವವಿದ್ಯಾಲಯಗಳಿಗೆ ಇದೇ ಆಸರೆಯಾಯಿತು.

ಅದಕ್ಕೂ ಮೊದಲು, 2003ರಲ್ಲಿ, ಕ್ಯಾಲಿಫೋರ್ನಿಯಾದ ಯೂನಿವರ್ಸಿಟಿ ಆಫ್ ದ ಪೆಸಿಫಿಕ್‌ನ ಬ್ರೂಸ್ ಲಾ ಬ್ರ್ಯಾಕ್ ಅಂತರ್ಜಾಲದಲ್ಲಿ ಒಂದು ಉಚಿತ ಪಾಠಮಾಲೆ ಸಿದ್ಧಪಡಿಸಿದರು. ಅದು ಹೊರದೇಶಕ್ಕೆ ಹೋಗುವ ಅಮೆರಿಕದ ಮಕ್ಕಳಿಗಾಗಿ ಬರೆದದ್ದು. ಅದರ ಅರ್ಧ ಭಾಗ ಹೊರಡುವುದರ ಬಗ್ಗೆ, ಇನ್ನರ್ಧ ಮನೆಗೆ ಮರಳುವುದರ ಬಗ್ಗೆ. ಮರಳುವುದಕ್ಕೂ ಪಾಠ ಬೇಕು ಎಂದು ಅವರಿಗೆ ಹೊಳೆದದ್ದು ನನಗೆ ಮೆಚ್ಚುಗೆಯಾಯಿತು. ಎರಡು ವರ್ಷದ ನಂತರ ಬಂದ ಮಗ 'ಇಲ್ಲಿ ಯಾರೂ ಕ್ಯೂ ನಿಲ್ಲಲ್ಲ' ಎಂದು ಗೊಣಗಿದಾಗ ಎಷ್ಟು ಮನೆಗಳಲ್ಲಿ ಜಗಳವಾಗಿಲ್ಲ!

ಆದರೆ ಅಂತರ್ಜಾಲದಲ್ಲಿ ಸಿಗುವುದೆಲ್ಲ ಇಷ್ಟು ಚೊಕ್ಕವಲ್ಲ. ಜಪಾನಿನಲ್ಲಿ ಹೀಗೆ ಬಾಗಿ, ಜರ್ಮನಿಯಲ್ಲಿ ಹೀಗೆ ಕೈಕುಲುಕಿ, ಅಮೆರಿಕದವರು ಹೀಗೇ ಇರುತ್ತಾರೆ ಎಂಬ ಪಟ್ಟಿ, ಕೊನೆಗೆ ಹತ್ತು ಪ್ರಶ್ನೆ, ಒಂದು ಸರ್ಟಿಫಿಕೇಟು. ಇಂಥದ್ದು ಮಾಡದಿದ್ದರೂ ನಷ್ಟವಿಲ್ಲ. ಎದುರಿಗೆ ಮನುಷ್ಯನೊಬ್ಬ ಇಲ್ಲದೆ, ಪ್ರಶ್ನೆಗೆ ಮರುಪ್ರಶ್ನೆ ಬರದೆ ಈ ವಿದ್ಯೆ ಮೈಗೂಡುವುದಿಲ್ಲ.

ಹೈದರಾಬಾದಿನ ಕನ್ನಡ ಮಕ್ಕಳಿಗೆ ಇದೆಲ್ಲ ಏಕೆ, ಅವರು ಹುಟ್ಟುತ್ತಲೇ ನಾಲ್ಕು ಸಂಸ್ಕೃತಿಯವರು ಎಂದು ನೀವು ಕೇಳಬಹುದು. ನಿಜ. ಮನೆಯಲ್ಲಿ ಕನ್ನಡ, ತರಕಾರಿಯವಳ ಹತ್ತಿರ ತೆಲುಗು, ಆಟೋದವನ ಹತ್ತಿರ 'ನಕ್ಕೋ ಭಾಯ್', ಶಾಲೆಯಲ್ಲಿ ಇಂಗ್ಲಿಷ್. ನಮ್ಮ ತಾತಂದಿರ ಕಾಲದಲ್ಲಿ ಕಲಬುರಗಿ, ಬೀದರ, ರಾಯಚೂರುಗಳು ನಿಜಾಮರ ಸೀಮೆಗೆ ಸೇರಿದ್ದವು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಆ ಮೂರು ಜಿಲ್ಲೆಗಳ ಕನ್ನಡ ಹುಡುಗರು ರೈಲು ಹತ್ತಿ ಬಂದು ಉರ್ದುವಿನಲ್ಲಿ ವಿಜ್ಞಾನ, ಕಾನೂನು ಓದಿ ಹೋದರು. ನಮಗಿದು ರಕ್ತದಲ್ಲೇ ಬಂದಿದೆ.

ತೊಡಕು ಇರುವುದೂ ಅಲ್ಲೇ. ನಾವು ಕಲಿತ ಹೊಂದಾಣಿಕೆ ಮಾತಿಲ್ಲದ್ದು. ಸುತ್ತಲಿನವರು ಮಾಡಿದಂತೆ ಮಾಡು, 'ಅಡ್ಜಸ್ಟ್' ಮಾಡಿಕೋ, ಕೇಳಿ ಮುಖಭಂಗ ಮಾಡಿಕೊಳ್ಳಬೇಡ. ನಮ್ಮ ಊರಿನ ದಖನಿಯಲ್ಲಿ 'ಪರ್ಸೋಂ' ಎಂದರೆ ಮೊನ್ನೆಯೂ ಹೌದು, ಎರಡು ವರ್ಷದ ಹಿಂದೆಯೂ ಹೌದು. ಯಾವ ಪರ್ಸೋಂ ಎಂದು ಯಾರೂ ಕೇಳುವುದಿಲ್ಲ, ಮಾತಿನ ಧಾಟಿಯಲ್ಲೇ ತಿಳಿಯುತ್ತದೆ. ಜರ್ಮನಿಯ ಹಲವು ವಿಶ್ವವಿದ್ಯಾಲಯಗಳಲ್ಲಿ ವೇಳಾಪಟ್ಟಿಯ ಮೇಲೆ '10 ಸಿ.ಟಿ.' ಎಂದಿದ್ದರೆ ಪಾಠ ಶುರುವಾಗುವುದು 10 ಗಂಟೆ 15 ನಿಮಿಷಕ್ಕೆ, ಸರಿಯಾಗಿ. ಎರಡು ಅಕ್ಷರದ ಅರ್ಥ ಧಾಟಿಯಲ್ಲಿ ತಿಳಿಯದು, ಕೇಳಲೇಬೇಕು.

ಎಲ್ಲರೂ ಮಾಡುತ್ತಿದ್ದಾರೆ, ನಾನೂ ಮಾಡಿದೆ ಎಂಬ ರೂಢಿಗೆ ಬೆಲೆ ದೊಡ್ಡದು. 2019ರ ಜನವರಿಯಲ್ಲಿ ಮಿಷಿಗನ್ನಿನ 'ಯೂನಿವರ್ಸಿಟಿ ಆಫ್ ಫಾರ್ಮಿಂಗ್ಟನ್' ಪ್ರಕರಣ ನಿಮಗೆ ನೆನಪಿರಬಹುದು. ಅಲ್ಲಿ ತರಗತಿ ಇರಲಿಲ್ಲ, ಮೇಷ್ಟ್ರಿರಲಿಲ್ಲ. ಅದನ್ನು ನಡೆಸುತ್ತಿದ್ದವರು ಅಮೆರಿಕದ ವಲಸೆ ಇಲಾಖೆಯ ಅಧಿಕಾರಿಗಳೇ. ಬಂಧಿತರಾದ ಸುಮಾರು 130 ಮಂದಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಭಾರತೀಯರು, ತೆಲುಗು ರಾಜ್ಯಗಳ ಮಕ್ಕಳು ಅನೇಕರು. ಬೇಕೆಂದೇ ಬೀಸಿದ ಬಲೆ ಅದು ಎಂಬ ಟೀಕೆಯಲ್ಲಿ ಹುರುಳಿದೆ. ಆದರೂ 'ಪಾಠ ಎಲ್ಲಿ ನಡೆಯುತ್ತದೆ?' ಎಂದು ವಿಶ್ವವಿದ್ಯಾಲಯಕ್ಕೂ, ಗೊತ್ತಿರುವ ಹೊರಗಿನವರಿಗೂ ಒಂದು ಇ-ಮೇಲ್ ಹಾಕುವ ಅಭ್ಯಾಸ ಇದ್ದಿದ್ದರೆ ಒಂದಿಬ್ಬರಾದರೂ ಉಳಿಯುತ್ತಿದ್ದರೇನೋ.

ಇನ್ನು ಒಂಟಿತನದ ಮಾತು. 1955ರಲ್ಲಿ ನಾರ್ವೆಯ ಸ್ವೆರೆ ಲೀಸ್‌ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞರು, ಅಮೆರಿಕದಲ್ಲಿ ಓದಿಬಂದವರನ್ನು ಮಾತಾಡಿಸಿ, ಮೊದಲು ಹುರುಪು, ಆರು ತಿಂಗಳ ನಂತರ ಕುಸಿತ, ಒಂದೂವರೆ ವರ್ಷದ ಮೇಲೆ ಚೇತರಿಕೆ ಎಂದು ಬರೆದರು. ತರಬೇತಿ ಕೊಡುವವರು ಈಗಲೂ ಆ ಬಾಗಿದ ಗೆರೆಯನ್ನು ಬೋರ್ಡಿನ ಮೇಲೆ ಎಳೆಯುತ್ತಾರೆ. ಆದರೆ ನ್ಯೂಜಿಲೆಂಡಿಗೆ ಹೋದ ಜಪಾನೀ ವಿದ್ಯಾರ್ಥಿಗಳನ್ನು ಕುರಿತು 1998ರಲ್ಲಿ ಬಂದ ಅಧ್ಯಯನದಲ್ಲಿ ಅತಿ ಕಷ್ಟದ ಕಾಲ ಮೊದಲ ದಿನಗಳೇ ಎಂದು ಕಂಡಿತು. ಆದ್ದರಿಂದ ಆರು ತಿಂಗಳು ಕಾಯಬೇಡಿ, ಮೊದಲ ವಾರವೇ ವಿಚಾರಿಸಿ. 'ಊಟ ಆಯ್ತಾ?' ಎಂದರೆ 'ಆಯ್ತು' ಎಂದೇ ಉತ್ತರ ಬರುತ್ತದೆ. 'ಇವತ್ತು ಯಾರ ಜೊತೆ ಮಾತಾಡಿದೆ?' ಎಂದು ಕೇಳಿ ನೋಡಿ. ಅಮೆರಿಕಕ್ಕೆ ಹೋಗುವವರು 911ರ ಜೊತೆಗೆ 988 ಎಂಬ ಸಂಖ್ಯೆಯನ್ನೂ ಬರೆದುಕೊಳ್ಳಲಿ. ಮನಸ್ಸು ತೀರಾ ಕುಗ್ಗಿದಾಗ ಕರೆ ಮಾಡಲೆಂದು 2022ರಿಂದ ಇರುವ ಸಂಖ್ಯೆ ಅದು.

ಅಭ್ಯಾಸಕ್ಕೆ ಜೊತೆಗಾರರು ಬೇಕೆಂದರೆ ದೂರ ಹೋಗಬೇಕಾಗಿಲ್ಲ. ಹೈದರಾಬಾದ್ ವಿಶ್ವವಿದ್ಯಾಲಯ 1998ರಲ್ಲೇ ಹೊರದೇಶದ ವಿದ್ಯಾರ್ಥಿಗಳಿಗಾಗಿ ಒಂದು ಕಾರ್ಯಕ್ರಮ ಆರಂಭಿಸಿತು. ತಾರ್ನಾಕಾದ ಇಫ್ಲೂಗೆ, ಉಸ್ಮಾನಿಯಾಕ್ಕೆ ಆಫ್ರಿಕಾ, ಮಧ್ಯ ಏಷ್ಯಾ, ಅರಬ್ ದೇಶಗಳಿಂದ ಓದಲು ಬಂದವರುಂಟು. ಅವರೂ ಒಬ್ಬ ತಾಯಿಗೆ ಫೋನಿನಲ್ಲಿ 'ಆರಾಮ ಇದ್ದೀನಿ' ಎನ್ನುವವರೇ. ನಿಮ್ಮ ಮಗ ಅವರಲ್ಲಿ ಒಬ್ಬರೊಡನೆ ತಿಂಗಳು ಕಾಲ ಬರೆದು ಮಾತಾಡಿದರೂ ಸಾಕು, ಹೊಸಬರಿಗೆ ನಮ್ಮ ಊರು ಎಲ್ಲೆಲ್ಲಿ ಒಗಟಾಗುತ್ತದೆ ಎಂದು ತಿಳಿದೀತು.

ಅಕ್ಕನ ಮಗ ಆ ವಿಷಯವನ್ನು ಮತ್ತೊಮ್ಮೆ ತೆಗೆದುಕೊಂಡ. ಸಮಿತಿಯವರು ಮೊದಲ ತಪ್ಪು ಎಂದು ಎಚ್ಚರಿಕೆ ಕೊಟ್ಟು ಬಿಟ್ಟರು. ಎರಡನೆಯ ಸಲ ಪ್ರತಿ ವಾರ ಪ್ರೊಫೆಸರರ ಕೋಣೆಗೆ ಹೋದ. ಮೊದಲ ದಿನ ಬಾಗಿಲ ಹೊರಗೆ ಹತ್ತು ನಿಮಿಷ ನಿಂತಿದ್ದನಂತೆ.

ಈಗ ನಿಮಗೊಂದು ಕೆಲಸ. ನಿಮ್ಮ ಮನೆಯಿಂದ ಯಾರಾದರೂ ಹೊರಡುವವರಿದ್ದರೆ ಇಂದು ರಾತ್ರಿ ಎರಡು ಚೀಟಿ ತೆಗೆದುಕೊಳ್ಳಿ. 'ಒಳ್ಳೆಯ ಮೇಷ್ಟ್ರು ಎಂದರೆ...' ಎಂಬ ವಾಕ್ಯವನ್ನು ತಂದೆಯೋ ತಾಯಿಯೋ ಒಂದರಲ್ಲಿ, ಹೊರಡುವವರು ಇನ್ನೊಂದರಲ್ಲಿ, ಒಬ್ಬರದನ್ನು ಒಬ್ಬರು ನೋಡದೆ ಮುಗಿಸಲಿ. ಆಮೇಲೆ ಅಕ್ಕಪಕ್ಕ ಇಟ್ಟು ಓದಿ. ಎರಡನ್ನೂ ನಮಗೆ ಕಳಿಸಿದರೆ ಮುಂದಿನ ಕನ್ನಡ ಕಾರ್ಯಕ್ರಮದಲ್ಲಿ ಓದುತ್ತೇವೆ. ಹೆಸರು ಹೇಳುವುದಿಲ್ಲ.