ಮಗ್ಗದ ಮನೆಯ ಮಜೂರಿ ಯಾರ ಖಾತೆಗೆ?
ಇಳಕಲ್ ನೇಕಾರಿಕೆಯಲ್ಲಿ ಮಹಿಳೆ ಮತ್ತು ಮಾಹಿತಿ ತಂತ್ರಜ್ಞಾನ

ಇಳಕಲ್ ಸೀರೆಯ ವ್ಯಾಪಾರಿಯೊಬ್ಬರ ಮಜೂರಿ ಖಾತೆಯನ್ನು ತೆರೆದು ನೋಡಿದರೆ ಒಂದು ಮಗ್ಗಕ್ಕೆ ಒಂದೇ ಹೆಸರು ಕಾಣುವುದು ಸಾಮಾನ್ಯ. ಅದು ಬಹುಮಟ್ಟಿಗೆ ಮನೆಯ ಯಜಮಾನನ ಹೆಸರು. ಆದರೆ ಆ ಸೀರೆಯನ್ನು ಸಿದ್ಧಪಡಿಸಿದವರು ಅವನೊಬ್ಬನೇ ಅಲ್ಲ. ಲಡಿಯಿಂದ ನೂಲು ಬಿಡಿಸಿ ಕಂಡಿಕೆ ಸುತ್ತುವವಳು ಪತ್ನಿ ಅಥವಾ ಮಗಳು. ಇಳಕಲ್ ಸೀರೆಯ ವಿಶೇಷವಾದ ಕೊಂಡಿ ಪದ್ಧತಿಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಇವೆರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಸೇರಿಸಬೇಕಾದುದರಿಂದ ಒಂದೊಂದು ಸೀರೆಗೂ ಹಾಸನ್ನು ಪ್ರತ್ಯೇಕವಾಗಿ ಅಳೆದು ಸಿದ್ಧಪಡಿಸಬೇಕಾಗುತ್ತದೆ. ಮಗ್ಗಕ್ಕೆ ಮುಂಚಿನ ಈ ಕೆಲಸಗಳಲ್ಲಿ ಹೆಚ್ಚಿನ ಪಾಲು ಮನೆಯ ಹೆಣ್ಣುಮಕ್ಕಳದ್ದು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ದೇಶದ ನಾಲ್ಕನೆಯ ಕೈಮಗ್ಗ ಗಣತಿ (2019–20) ಲೆಕ್ಕ ಹಾಕಿದ ಸುಮಾರು 35 ಲಕ್ಷ ಕೈಮಗ್ಗ ಕೆಲಸಗಾರರಲ್ಲಿ ಶೇಕಡಾ 70ಕ್ಕೂ ಹೆಚ್ಚು ಮಂದಿ ಮಹಿಳೆಯರು. ಬಾಗಲಕೋಟೆ ಜಿಲ್ಲೆಯ ಮಟ್ಟಿಗೆ ಮಗ್ಗದ ಮುಂದೆ ಕುಳಿತವರನ್ನಷ್ಟೇ ಎಣಿಸಿದರೆ ಚಿತ್ರ ಬೇರೆಯಾಗಿ ಕಂಡೀತು. ಆದರೆ ಇಳಕಲ್, ಹುನಗುಂದದ ಆಸುಪಾಸಿನ ಕಮತಗಿ ಮತ್ತು ಸೂಳೇಭಾವಿ, ಬಾದಾಮಿ ಭಾಗದ ಕೆರೂರು, ಖಣಕ್ಕೆ ಹೆಸರಾದ ಗುಳೇದಗುಡ್ಡ, ಈ ಯಾವ ಊರಿನಲ್ಲಾದರೂ ಹೆಣ್ಣುಮಕ್ಕಳು ಒಂದು ವಾರ ಕಂಡಿಕೆ ಸುತ್ತುವುದನ್ನು ನಿಲ್ಲಿಸಿದರೆ ಮಗ್ಗಗಳು ತಾವಾಗಿಯೇ ನಿಲ್ಲುತ್ತವೆ.

ಮಾಹಿತಿ ತಂತ್ರಜ್ಞಾನದಿಂದ ಮಹಿಳೆಯರ ಸಬಲೀಕರಣ ಎಂದೊಡನೆ ಗಣಕಯಂತ್ರ ತರಬೇತಿ, ಜಾಲತಾಣದ ಮಾರಾಟ ಮುಂತಾದ ದೊಡ್ಡ ಯೋಜನೆಗಳು ಕಣ್ಣಮುಂದೆ ಬರುತ್ತವೆ. ಅವು ಬೇಡವೆಂದಲ್ಲ. ಆದರೆ ವರ್ತಕರ ಕೈಯಲ್ಲೇ ಇರುವ, ಖರ್ಚಿಲ್ಲದ ಒಂದು ಸಾಧನವಿದೆ: ಮಜೂರಿ ಪಾವತಿ. ಒಂದು ಸೀರೆಗೆ 1,000 ರೂಪಾಯಿ ಮಜೂರಿ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಅದರಲ್ಲಿ ಕಂಡಿಕೆ, ಹಾಸು ಮತ್ತು ಕೊಂಡಿಯ ಕೆಲಸಕ್ಕೆ 300 ರೂಪಾಯಿ ಎಂದು ಮೊದಲೇ ಗೊತ್ತುಮಾಡಿ, ಅದನ್ನು ಪ್ರತ್ಯೇಕ ಹೆಸರಿನಲ್ಲಿ ಖರ್ಚು ಬರೆದು, ಆ ಮಹಿಳೆಯ ಸ್ವಂತ ಬ್ಯಾಂಕ್ ಖಾತೆಗೆ ಕಳುಹಿಸಿದರೆ ವ್ಯಾಪಾರಿಯ ಒಟ್ಟು ಖರ್ಚು ಒಂದು ಪೈಸೆಯೂ ಹೆಚ್ಚುವುದಿಲ್ಲ. ಲೆಕ್ಕಪರಿಶೋಧನೆಯ ವೇಳೆ ನಗದು ಚೀಟಿಗಳಿಗಿಂತ ಬ್ಯಾಂಕ್ ದಾಖಲೆಯೇ ಗಟ್ಟಿ ಪುರಾವೆಯೆಂಬುದು ವರ್ತಕರಿಗೆ ಹೊಸ ವಿಷಯವಲ್ಲ.

ಇದರಿಂದ ನಿಜವಾಗಿ ಏನಾದರೂ ಬದಲಾಗುತ್ತದೆಯೇ? ಮಧ್ಯಪ್ರದೇಶದಲ್ಲಿ ಉದ್ಯೋಗ ಖಾತರಿ ಯೋಜನೆಯ ಕೂಲಿಯನ್ನು ಮಹಿಳೆಯರ ಸ್ವಂತ ಖಾತೆಗೇ ಜಮಾ ಮಾಡಿ, ಖಾತೆ ಬಳಸುವ ಸರಳ ತಿಳಿವಳಿಕೆಯನ್ನೂ ನೀಡಿದಾಗ, ಅವರು ದುಡಿಮೆಗೆ ಹೊರಬರುವುದು ಹೆಚ್ಚಿತೆಂದು ‘ಅಮೆರಿಕನ್ ಇಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ 2021ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಕೀನ್ಯಾದಲ್ಲಿ 2007ರಲ್ಲಿ ಆರಂಭವಾದ ಎಂ-ಪೆಸಾ ಎಂಬ ಮೊಬೈಲ್ ಹಣ ವ್ಯವಸ್ಥೆಯ ಪರಿಣಾಮವಾಗಿ ಸುಮಾರು 1,85,000 ಮಹಿಳೆಯರು ಹೊಲದ ಕೆಲಸದಿಂದ ಸಣ್ಣ ವ್ಯಾಪಾರಕ್ಕೆ ತಿರುಗಿದರೆಂದು 2016ರ ಇನ್ನೊಂದು ಅಧ್ಯಯನ ಅಂದಾಜು ಮಾಡಿತು. ಎರಡೂ ಕಡೆ ಬಳಕೆಯಾದ ತಂತ್ರಜ್ಞಾನ ಅತಿ ಸರಳವಾದುದು.

ಹೆಂಗಸರಿಗೆ ಖಾತೆಯೇ ಇಲ್ಲವಲ್ಲ ಎಂಬ ಆಕ್ಷೇಪ ಈಗ ನಿಲ್ಲುವುದಿಲ್ಲ. 2014ರ ಜನಧನ ಯೋಜನೆ, 2023ರ ಗೃಹಲಕ್ಷ್ಮಿ ಯೋಜನೆಗಳ ನಂತರ ಬಹುಪಾಲು ಮನೆಗಳಲ್ಲಿ ಗೃಹಿಣಿಯ ಹೆಸರಿನ ಖಾತೆ ಇದೆ. ತೊಡಕು ಇರುವುದು ಬೇರೆಡೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇಕಡಾ 79ರಷ್ಟು ಮಹಿಳೆಯರು ತಾವೇ ಬಳಸುವ ಬ್ಯಾಂಕ್ ಖಾತೆ ಹೊಂದಿದ್ದರು. ತಾವೇ ಬಳಸುವ ಮೊಬೈಲ್ ಫೋನ್ ಇದ್ದವರು ಶೇಕಡಾ 54 ಮಾತ್ರ. ಅಂತರ್ಜಾಲವನ್ನು ಒಮ್ಮೆಯಾದರೂ ಬಳಸಿದವರು ಮಹಿಳೆಯರಲ್ಲಿ ಶೇಕಡಾ 33, ಪುರುಷರಲ್ಲಿ ಶೇಕಡಾ 57. ಖಾತೆ ಅವಳದ್ದು, ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆ ಮಗನದ್ದು, ಓಟಿಪಿ ಬರುವುದು ಅವನ ಜೇಬಿಗೆ. ಹೀಗಿರುವಾಗ ಹಣ ಅವಳಿಗೆ ಸಂದಿತೆಂದು ಹೇಗೆ ಹೇಳುವುದು? ಮಜೂರಿ ಪಟ್ಟಿ ತಯಾರಿಸುವ ಗುಮಾಸ್ತರು ಖಾತೆ ಸಂಖ್ಯೆ ಬರೆದುಕೊಳ್ಳುವಾಗಲೇ ಆ ಖಾತೆಗೆ ಜೋಡಿಸಿದ ಫೋನ್ ಯಾರ ಬಳಿ ಇರುತ್ತದೆಂದು ಕೇಳಬೇಕು. ಸ್ಮಾರ್ಟ್‌ಫೋನೇ ಬೇಕೆಂದಿಲ್ಲ. 2016ರಲ್ಲಿ ಬಂದ ಯುಪಿಐ ಸೌಲಭ್ಯವು 2022ರ ಮಾರ್ಚ್‌ನಿಂದ ‘123ಪೇ’ ಹೆಸರಿನಲ್ಲಿ ಸಾದಾ ಕೀಪ್ಯಾಡ್ ಫೋನಿಗೂ ದೊರೆತಿದೆ.

ಮಾರಾಟದ ವಿಷಯ ಇನ್ನಷ್ಟು ಜಟಿಲ. ಹಿತ್ತಲಲ್ಲಿ ನೇಯ್ದ ಸೀರೆಯ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ ತಾನೇ ಮಾರುವ ಮಹಿಳೆಗೆ, ರಾಜ್ಯದೊಳಗಿನ ಮಾರಾಟವಷ್ಟೇ ಇದ್ದರೆ, ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ಜಿಎಸ್‌ಟಿ ನೋಂದಣಿ ಬೇಕಾಗಿಲ್ಲ. ಆದರೆ ಅದೇ ಸೀರೆಯನ್ನು ದೊಡ್ಡ ಇ-ಕಾಮರ್ಸ್ ತಾಣದ ಮೂಲಕ ಮಾರಬೇಕಾದರೆ, ಒಂದೇ ಸೀರೆಯಾದರೂ ಸರಿ, ಹಿಂದೆ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ಈ ನಿಯಮ ಸಡಿಲಗೊಂಡಿತು. ಮಿತಿಯೊಳಗಿನ ಸಣ್ಣ ಮಾರಾಟಗಾರರು ಪ್ಯಾನ್ ಆಧಾರದ ಮೇಲೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಒಳ್ಳೆಯ ಕ್ರಮವೇ. ಆದರೆ ಈ ರಿಯಾಯಿತಿ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಇಳಕಲ್ ಸೀರೆಗೆ ತಲೆಮಾರುಗಳಿಂದ ಬೇಡಿಕೆಯಿರುವುದು ಮಹಾರಾಷ್ಟ್ರದಲ್ಲಿ, ಅಲ್ಲಿ ಅದನ್ನು ‘ಇರಕಲ್’ ಎಂದೇ ಕರೆಯುತ್ತಾರೆ. ಸೊಲ್ಲಾಪುರದ ಗಿರಾಕಿಯೊಬ್ಬರು ತಾಣದಲ್ಲಿ ಬೇಡಿಕೆ ಸಲ್ಲಿಸಿದ ಕ್ಷಣದಲ್ಲೇ ಇಳಕಲ್ಲಿನ ಈ ಮಹಿಳೆ ರಿಯಾಯಿತಿಯ ಹೊರಗೆ ನಿಲ್ಲುತ್ತಾಳೆ. ತಾಣದ ಹೊರಗೆ ನೇರವಾಗಿ ಅನ್ಯರಾಜ್ಯಕ್ಕೆ ಕಳುಹಿಸುವಾಗ ಕೆಲವು ಕರಕುಶಲ ವಸ್ತುಗಳಿಗೆ ಪ್ರತ್ಯೇಕ ವಿನಾಯಿತಿ ಇದೆಯಾದರೂ ತನ್ನ ಸರಕು ಆ ಪಟ್ಟಿಯಲ್ಲಿ ಸೇರುತ್ತದೆಯೇ ಎಂಬುದನ್ನು ಮೊದಲು ಪರಿಶೀಲಿಸಿಕೊಳ್ಳುವುದು ಕ್ಷೇಮ. ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಗಳಲ್ಲಿ ಇದೂ ಒಂದಾಗಬೇಕು.

ಇನ್ನು ಉದ್ಯಮ ನೋಂದಣಿ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ಆನ್‌ಲೈನ್ ನೋಂದಣಿಗೆ ಶುಲ್ಕವಿಲ್ಲ. ಆಧಾರ್‌ಗೆ ಜೋಡಿಸಿದ ಫೋನ್ ಇಲ್ಲಿಯೂ ಬೇಕು. ಸ್ವಂತ ಹೆಸರಿನಲ್ಲಿ ನೋಂದಣಿ ಪಡೆದು ಸರಕು ಇಲ್ಲವೆ ಜಾಬ್‌ವರ್ಕ್ ಸೇವೆ ಪೂರೈಸುವ ಮಹಿಳೆಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ರಕ್ಷಣೆ ದೊರೆಯುತ್ತದೆ. ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ಖರೀದಿದಾರರು ಹಣ ಪಾವತಿಸಬೇಕು. ತಡವಾದರೆ ಆ ಖರ್ಚನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಕಳೆಯಲು ಅವಕಾಶ ಎಂಬ ನಿಯಮ 2024–25ರ ಕರನಿರ್ಧಾರಣಾ ವರ್ಷದಿಂದ ಆದಾಯ ತೆರಿಗೆಯಲ್ಲಿಯೂ ಸೇರಿತು. ದೀಪಾವಳಿಯ ಬಾಕಿಯನ್ನು ಯುಗಾದಿಗೆ ತೀರಿಸುವ ಪೇಟೆಯ ಹಳೆಯ ರೂಢಿಗೆ ಇದರಿಂದ ಬಿಸಿ ತಟ್ಟಿದೆ.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಸಬ್ಸಿಡಿ ಅಥವಾ ತೆರಿಗೆ ಉಳಿತಾಯಕ್ಕೆಂದು ಪತ್ನಿಯ ಹೆಸರಿನಲ್ಲಿ ಸಂಸ್ಥೆ ತೆರೆದು, ಪಾಸ್‌ವರ್ಡ್, ಚೆಕ್‌ಬುಕ್ ಎರಡನ್ನೂ ಪತಿಯೇ ಇಟ್ಟುಕೊಳ್ಳುವ ಉದಾಹರಣೆಗಳು ಪೇಟೆಯಲ್ಲಿ ಅಪರೂಪವಲ್ಲ. ಸೂಕ್ತ ಪ್ರತಿಫಲವಿಲ್ಲದೆ ಪತಿ ಪತ್ನಿಗೆ ವರ್ಗಾಯಿಸಿದ ಆಸ್ತಿಯಿಂದ ಬರುವ ಆದಾಯ ಪತಿಯ ಆದಾಯಕ್ಕೇ ಸೇರುತ್ತದೆ. ಅಂಥ ಏರ್ಪಾಟಿನಲ್ಲಿ ತೆರಿಗೆಯೂ ಉಳಿಯದು, ಪತ್ನಿಗೂ ಏನೂ ದಕ್ಕದು. ಬೇರೆ ವರ್ತಕರಿಗಾಗಿ ಅವಳು ಸ್ವತಃ ದುಡಿದು ಪಡೆದ ಮಜೂರಿ ಹಾಗಲ್ಲ, ಅದು ಅವಳದೇ ಆದಾಯ. ನಿಯಮಿತವಾಗಿ ಜಮಾ ಆಗುವ ಆ ಮೊತ್ತದ ಎರಡು ವರ್ಷಗಳ ಪಾಸ್‌ಬುಕ್ ದಾಖಲೆ ಇದ್ದರೆ, ನಾಳೆ ಅವಳು ಸ್ವಂತ ಮಗ್ಗಕ್ಕೆ ಸಾಲ ಕೇಳಲು ಬ್ಯಾಂಕಿಗೆ ಹೋದಾಗ ವ್ಯವಸ್ಥಾಪಕರ ಮುಂದೆ ಇಡಲು ಕೈಯಲ್ಲೊಂದು ಕಾಗದ ಇರುತ್ತದೆ. ಮುಂದಿನ ಆರ್ಥಿಕ ವರ್ಷದ ಪುಸ್ತಕ ತೆರೆಯುವಾಗ ಮಜೂರಿ ಖಾತೆಯಲ್ಲಿ ಪ್ರತಿ ಮಗ್ಗಕ್ಕೂ ಎರಡು ಸಾಲು ಬಿಡುವಂತೆ ಗುಮಾಸ್ತರಿಗೆ ಈಗಲೇ ಹೇಳಬಹುದು.